ಒಂದೇ ಷೇರು, ಒಂದೇ ದಿನ, ಮೂರು ಆರ್‌ಎಸ್‌ಐ

ಷೇರು ಚಾರ್ಟ್ ಸಾಫ್ಟ್‌ವೇರ್‌ನಲ್ಲಿ ಇಂಡಿಕೇಟರ್ (ಬೆಲೆಗಳಿಂದ ಲೆಕ್ಕ ಹಾಕಿ ತೋರಿಸುವ ಅಂಕಿ ಅಥವಾ ಗೆರೆ) ಫಾರ್ಮುಲಾ ಬರೆಯುವುದು ದೊಡ್ಡ ವಿದ್ಯೆ ಏನೂ ಅಲ್ಲ. ಮೂವಿಂಗ್ ಆವರೇಜ್ ಅಂದ್ರೆ ಒಂದು ಸಾಲು. ಆರ್‌ಎಸ್‌ಐ, ಅಂದರೆ ಷೇರಿನ ಏರಿಕೆ ಇಳಿಕೆಯ ಬಲವನ್ನು 0ರಿಂದ 100ರೊಳಗೆ ತೋರಿಸುವ ಅಂಕಿ, ಐದಾರು ಸಾಲು. ಶಾಲೆಯ ಗಣಿತ ಸಾಕು. ಬರೆದದ್ದು ಸರಿ ಇದೆಯಾ ಅಂತ ಪತ್ತೆ ಮಾಡುವುದರಲ್ಲೇ ಸಮಯ ಹೋಗುತ್ತದೆ. ಆ ಭಾಗವನ್ನು ಯೂಟ್ಯೂಬ್‌ನವರು ಹೇಳುವುದಿಲ್ಲ, ಯಾಕಂದ್ರೆ ಅದರಲ್ಲಿ ತೋರಿಸಲಿಕ್ಕೆ ‘ಕೊಳ್ಳಿ’ ಅನ್ನುವ ಹಸಿರು ಬಾಣ ಇರುವುದಿಲ್ಲ.

ಈ ವಿಷಯ ಎತ್ತಿಕೊಳ್ಳಲು ಕಾರಣ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರು. ಬ್ಯಾಂಕಿನಿಂದ ನಿವೃತ್ತಿ ಆದವರು. ಮಂಗಳೂರಿನಲ್ಲಿ ಇಂಥವರು ಪ್ರತಿ ರಸ್ತೆಯಲ್ಲೂ ಸಿಗುತ್ತಾರೆ. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್, ಆಮೇಲೆ ತಿಂಡಿ, ಒಂಬತ್ತೂ ಕಾಲಿಗೆ ಸರಿಯಾಗಿ ಫೋನ್ ಹಿಡಿದು ಸೋಫಾದಲ್ಲಿ ಕೂತರೆ ಮೂರೂವರೆಯ ತನಕ ಅವರನ್ನು ಮಾತಾಡಿಸಬಾರದು. ಅವರು ಒಮ್ಮೆ ಕೆನರಾ ಬ್ಯಾಂಕಿನ ಚಾರ್ಟ್ ತೋರಿಸಿ ಕೇಳಿದರು: “ಎಂತ ಮಾರಾಯ ಇದು, ನನ್ನ ಫೋನಲ್ಲಿ ಆರ್‌ಎಸ್‌ಐ 71 ಉಂಟು, ಮಗನ ಲ್ಯಾಪ್‌ಟಾಪಲ್ಲಿ 68, ಎಕ್ಸೆಲ್‌ನಲ್ಲಿ ನಾನೇ ಮಾಡಿದ್ದು 64. ಮೂರರಲ್ಲಿ ಯಾವುದು ಸರಿ?”

ಮೂರೂ ಸರಿ ಇರಬಹುದು. ಅದೇ ತಲೆನೋವು.

ಆರ್‌ಎಸ್‌ಐ ಲೆಕ್ಕ ಹೀಗೆ. ಪ್ರತಿ ದಿನದ ಕ್ಲೋಸ್‌ನಿಂದ (ಮುಕ್ತಾಯದ ಬೆಲೆಯಿಂದ) ಹಿಂದಿನ ದಿನದ ಕ್ಲೋಸ್ ಕಳೆಯಬೇಕು. ಏರಿದ್ದರೆ ಆ ಮೊತ್ತ ಒಂದು ಸಾಲಿಗೆ, ಇಳಿದಿದ್ದರೆ ಇನ್ನೊಂದು ಸಾಲಿಗೆ. ಎರಡಕ್ಕೂ 14 ದಿನದ ಸರಾಸರಿ ತೆಗೆಯಬೇಕು. ಏರಿಕೆಯ ಸರಾಸರಿಯನ್ನು ಇಳಿಕೆಯ ಸರಾಸರಿಯಿಂದ ಭಾಗಿಸಿ, ಬಂದ ಉತ್ತರಕ್ಕೆ ಒಂದು ಸೇರಿಸಿ, ಅದರಿಂದ 100 ಅನ್ನು ಭಾಗಿಸಿ, ಅದನ್ನು 100ರಿಂದ ಕಳೆದರೆ ಆಯ್ತು. ಇಷ್ಟರ ತನಕ ಯಾರಿಗೂ ಜಗಳ ಇಲ್ಲ. ಜಗಳ ಇರುವುದು ‘14 ದಿನದ ಸರಾಸರಿ’ ಅನ್ನುವ ಮಾತಿನಲ್ಲಿ. ಯಾವ ಸರಾಸರಿ?

ಇದನ್ನು ಮಾಡಿದವರು ವೆಲ್ಸ್ ವೈಲ್ಡರ್ ಎಂಬ ಅಮೆರಿಕದವರು. 1978ರಲ್ಲಿ ಬಂದ ಒಂದೇ ಪುಸ್ತಕದಲ್ಲಿ ಆರ್‌ಎಸ್‌ಐ, ಎಟಿಆರ್, ಎಡಿಎಕ್ಸ್, ಪ್ಯಾರಾಬೋಲಿಕ್ ಎಸ್‌ಎಆರ್ ಎಂಬ ನಾಲ್ಕು ಇಂಡಿಕೇಟರ್‌ಗಳನ್ನೂ ಕೊಟ್ಟ ಪುಣ್ಯಾತ್ಮ. ಆಗ ಮನೆಮನೆಗೆ ಕಂಪ್ಯೂಟರ್ ಇರಲಿಲ್ಲ, ಕಾಗದ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು ಲೆಕ್ಕ ಮಾಡಬೇಕಿತ್ತು. ಹಾಗಾಗಿ ಅವರ ಸರಾಸರಿಗೆ 14 ದಿನದ ಅಂಕಿ ಎದುರಿಗೆ ಇರಬೇಕಾಗಿಲ್ಲ. ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನ ಅಂಕಿ ಸೇರಿಸಿ, 14ರಿಂದ ಭಾಗಿಸಿ. ಮುಗಿಯಿತು. ಈಗ ನಾವು ಎಕ್ಸ್‌ಪೊನೆನ್ಶಿಯಲ್ ಆವರೇಜ್ (ಇಎಂಎ, ಹೊಸ ಬೆಲೆಗೆ ಹೆಚ್ಚು ತೂಕ ಕೊಡುವ ಸರಾಸರಿ) ಅನ್ನುವುದರದ್ದೇ ಒಂದು ನಿಧಾನದ ರೂಪ ಇದು. ವೈಲ್ಡರ್ ಅವರ 14 ಅಂದರೆ ಮಾಮೂಲಿ ಇಎಂಎಯ 27ಕ್ಕೆ ಸಮ. ಎರಡರಿಂದ ಗುಣಿಸಿ ಒಂದು ಕಳೆದರೆ ಸಿಗುತ್ತದೆ.

ಈಗ ನೋಡಿ. ಎಕ್ಸೆಲ್‌ನಲ್ಲಿ ರಾಯರು ಸುಮ್ನೆ ಆವರೇಜ್ ಫಂಕ್ಷನ್ ಹಾಕಿದ್ದರು, ಅಂದರೆ ಸಿಂಪಲ್ ಸರಾಸರಿ. ಅದಕ್ಕೇ 64. ಇನ್ನು ಕೆಲವರು ಇಎಂಎ 14 ಹಾಕುತ್ತಾರೆ, ಆಗ ಲೈನು ಜಾಸ್ತಿ ಕುಣಿಯುತ್ತದೆ. ಮೂರಕ್ಕೂ ಚಾರ್ಟಿನ ಮೂಲೆಯಲ್ಲಿ ‘ಆರ್‌ಎಸ್‌ಐ 14’ ಅಂತಲೇ ಬರುತ್ತದೆ. ಅಮಿಬ್ರೋಕರ್ ಎಂಬ ಚಾರ್ಟ್ ಸಾಫ್ಟ್‌ವೇರ್‌ನಲ್ಲಿ ನೀವೇ ಬರೆಯುವುದಾದರೆ ‘ವೈಲ್ಡರ್ಸ್’ ಅನ್ನುವ ಫಂಕ್ಷನ್ ಬೇಕು. ಟ್ರೇಡಿಂಗ್‌ವ್ಯೂ ಎಂಬ ಚಾರ್ಟ್ ಜಾಲತಾಣದ ಪೈನ್ ಸ್ಕ್ರಿಪ್ಟ್ ಭಾಷೆಯಲ್ಲಿ ಅದೇ ಕೆಲಸಕ್ಕೆ ‘ಆರ್‌ಎಂಎ’. ಇಎಂಎ ಅಲ್ಲ.

ಆದರೆ ಫೋನ್ ಮತ್ತು ಲ್ಯಾಪ್‌ಟಾಪ್ ಎರಡೂ ವೈಲ್ಡರ್ ಸರಾಸರಿಯನ್ನೇ ಬಳಸುತ್ತಿದ್ದವು. ಮತ್ತೆ 71, 68 ಯಾಕೆ? ಇದು ನನಗೆ ತುಂಬಾ ಇಷ್ಟವಾದ ಭಾಗ. ನಿನ್ನೆಯ ಸರಾಸರಿಯಿಂದ ಇವತ್ತಿನದು ಬರುವುದಾದರೆ, ಮೊದಲನೆಯ ದಿನಕ್ಕೆ ನಿನ್ನೆ ಎಲ್ಲಿಂದ ಬಂತು? ಎಲ್ಲಿಂದಲೋ ಶುರು ಮಾಡಬೇಕಲ್ವಾ. ಸಾಮಾನ್ಯವಾಗಿ ಮೊದಲ 14 ದಿನದ ಸಿಂಪಲ್ ಸರಾಸರಿಯಿಂದ ಶುರು. ಆ ಶುರುವಿನ ಅಂಕಿಯ ನೆರಳು ದಿನಕ್ಕೆ 14ರಲ್ಲಿ ಒಂದು ಪಾಲಿನಂತೆ ಕರಗುತ್ತಾ ಹೋಗುತ್ತದೆ. 14 ದಿನ ಆದ ಮೇಲೂ ಅದರ ಶೇಕಡಾ 35 ಉಳಿದಿರುತ್ತದೆ. 50 ದಿನಕ್ಕೆ ಶೇಕಡಾ ಎರಡೂವರೆ. 100 ದಿನ ದಾಟಿದ ಮೇಲೆ ಲೆಕ್ಕಕ್ಕೇ ಇಲ್ಲ. ಫೋನಿನ ಆ್ಯಪ್ ಎರಡು ತಿಂಗಳ ಕ್ಯಾಂಡಲ್ (ಚಾರ್ಟಿನಲ್ಲಿ ಒಂದೊಂದು ಅವಧಿಯ ಬೆಲೆ ತೋರಿಸುವ ಕಂಬ, ಬಾರ್ ಅಂದರೂ ಅದೇ) ಮಾತ್ರ ಇಳಿಸಿಕೊಂಡು ಲೆಕ್ಕ ಹಾಕಿದರೆ, ಲ್ಯಾಪ್‌ಟಾಪ್ ಹತ್ತು ವರ್ಷದ ಡೇಟಾ ಇಟ್ಟುಕೊಂಡಿದ್ದರೆ, ಎರಡೂ ಹೊಂದುವುದಿಲ್ಲ. ಫಾರ್ಮುಲಾದಲ್ಲಿ ಒಂದಕ್ಷರ ತಪ್ಪಿಲ್ಲ, ಆದರೂ ಉತ್ತರ ಬೇರೆ. “ಫೋನಲ್ಲಿ ಚಾರ್ಟನ್ನು ಎರಡು ವರ್ಷ ಹಿಂದಕ್ಕೆ ಎಳೆದು ನೋಡಿ ರಾಯ್ರೇ” ಅಂದೆ. ಎಳೆದರು. 71 ಹೋಗಿ 68 ಆಯ್ತು. ಅವರ ಮುಖ ನೋಡಬೇಕಿತ್ತು.

ಅಮಿಬ್ರೋಕರ್‌ನಲ್ಲಿ ಇದರದ್ದೇ ಇನ್ನೊಂದು ಅವತಾರ ಉಂಟು. ಅದು ವೇಗಕ್ಕಾಗಿ ತೆರೆಯ ಮೇಲೆ ಕಾಣುವಷ್ಟು ಬಾರ್‌ಗಳನ್ನು, ಜೊತೆಗೆ ಸ್ವಲ್ಪ ಹಿಂದಿನದನ್ನು ಮಾತ್ರ ತೆಗೆದುಕೊಂಡು ಲೆಕ್ಕ ಮಾಡುತ್ತದೆ. ಎಷ್ಟು ಹಿಂದಿನದು ಬೇಕು ಅಂತ ತಾನೇ ಅಂದಾಜು ಮಾಡುತ್ತದೆ. ರೆಡಿಮೇಡ್ ಫಂಕ್ಷನ್‌ಗಳಿಗೆ ಆ ಅಂದಾಜು ಚೆನ್ನಾಗಿದೆ. ನೀವೇ ಲೂಪ್ ಬರೆದರೆ, ಅದರಲ್ಲಿ ಮೊದಲ ಬಾರ್‌ನಿಂದ ಹಿಡಿದು ಒಂದರ ಮೇಲೊಂದು ಲೆಕ್ಕ ಕಟ್ಟಿದ್ದರೆ, ಜೂಮ್ ಮಾಡಿದ ಹಾಗೆ ಇಂಡಿಕೇಟರ್ ಬದಲಾಗುವುದನ್ನು ನೋಡಬಹುದು. ಸೆಟ್‌ಬಾರ್ಸ್‌ರಿಕ್ವೈರ್ಡ್ ಅಂತ ಒಂದು ಸಾಲು ಹಾಕಿ ‘ಎಲ್ಲ ಬಾರ್ ಬೇಕು’ ಅಂತ ಹೇಳಿದರೆ ಸರಿಯಾಗುತ್ತದೆ.

ಅಮಿಬ್ರೋಕರ್‌ನ ಎಎಫ್‌ಎಲ್ ಭಾಷೆಗೆ ಹೊಸಬರಾದರೆ, ವಿಶೇಷವಾಗಿ ಸಿ ಅಥವಾ ಜಾವಾ ಕಲಿತು ಬಂದವರಾದರೆ, ಒಂದು ವಿಷಯ ತಲೆಗೆ ಹೋಗಲು ಸಮಯ ಬೇಕು. ಅದರಲ್ಲಿ ‘ಕ್ಲೋಸ್’ ಅಂದರೆ ಒಂದು ಬೆಲೆ ಅಲ್ಲ. ಆ ಷೇರಿನ ಎಲ್ಲ ದಿನಗಳ ಕ್ಲೋಸ್‌ನ ಇಡೀ ಸಾಲು. ‘ಕ್ಲೋಸ್ ಓಪನ್‌ಗಿಂತ ದೊಡ್ಡದಾ’ ಅಂತ ಕೇಳಿದರೆ ಉತ್ತರವೂ ಹೌದು, ಅಲ್ಲ, ಅಲ್ಲ, ಹೌದು ಅಂತ ಇಡೀ ಸಾಲು ಬರುತ್ತದೆ. ಅದಕ್ಕೇ ಮಾಮೂಲಿ ‘ಇಫ್’ ಹಾಕಿದರೆ ಅದು ಒಪ್ಪುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಯಾವ ದಿನದ ಹೌದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅಲ್ಲಿ ‘ಐ’ ಎರಡು ಸಲ ಬರುವ ‘ಐಐಎಫ್’ ಬೇಕು. ಅದು ಪ್ರತಿ ಬಾರ್‌ಗೂ ಬೇರೆ ಬೇರೆ ನಿರ್ಧಾರ ಮಾಡಿ ಹೊಸ ಸಾಲು ಕೊಡುತ್ತದೆ. ಪೈನ್ ಸ್ಕ್ರಿಪ್ಟ್ ಹೀಗಲ್ಲ. ಅದು ಎಡದಿಂದ ಬಲಕ್ಕೆ ಒಂದೊಂದೇ ಕ್ಯಾಂಡಲ್‌ನಲ್ಲಿ ನಿಂತು ಇಡೀ ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸುತ್ತದೆ. ಅಲ್ಲಿ ‘ಇಫ್’ ಆರಾಮಾಗಿ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ತರುವಾಗ ಸಾಲುಸಾಲಾಗಿ ಬದಲಾಯಿಸಲು ಹೋದರೆ ಆಗುವುದಿಲ್ಲ, ಯೋಚನೆಯನ್ನೇ ತಿರುಗಿಸಬೇಕು.

ಎಐಯನ್ನು ಕೇಳಿ ಬರೆಸಬಹುದಲ್ಲ ಅಂತ ನೀವು ಅನ್ನಬಹುದು. ಬರೆಸಬಹುದು, ನಾನೂ ಬರೆಸುತ್ತೇನೆ. ಪೈನ್‌ನ ಐದನೇ ಆವೃತ್ತಿ 2021ರಲ್ಲಿ ಬಂದಾಗ ಹಳೆಯ ‘ಸ್ಟಡಿ’ ಹೋಗಿ ‘ಇಂಡಿಕೇಟರ್’ ಆಯ್ತು, ಬರೀ ‘ಆರ್‌ಎಸ್‌ಐ’ ಎಂದಿದ್ದದ್ದಕ್ಕೆ ಮುಂದೆ ‘ಟಿಎ’ ಮತ್ತು ಚುಕ್ಕಿ ಸೇರಿತು. 2024ರಲ್ಲಿ ಆರನೆಯದೂ ಬಂತು. ಎಐ ಇವನ್ನೆಲ್ಲ ಕಲಸಿ ಕೊಡುವುದುಂಟು. ಅದು ಪರವಾಗಿಲ್ಲ, ಎರರ್ ಬರುತ್ತದೆ, ತಿದ್ದಬಹುದು. ಎರರ್ ಬಾರದೆ ಚಂದದ ಲೈನ್ ಎಳೆಯುವ ತಪ್ಪು ಕೋಡ್‌ಗೇ ಹೆದರಬೇಕು.

ಸೂಪರ್‌ಟ್ರೆಂಡ್ ಅನ್ನುವ ಇಂಡಿಕೇಟರ್ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಕಡೆ ಷೇರು ಪೇಟೆಗೆ ಕಾಲಿಟ್ಟವರಲ್ಲಿ ಇದನ್ನು ಹಾಕದವರೇ ಕಡಿಮೆ. ಹಸಿರು ಲೈನ್ ಕೆಳಗಿದ್ದರೆ ಇಟ್ಟುಕೋ, ಕೆಂಪು ಲೈನ್ ಮೇಲಿದ್ದರೆ ಬಿಡು, ಅಷ್ಟೇ. ಒಳಗಿನ ಲೆಕ್ಕ ಹೆಚ್ಚಿನವರಿಗೆ ಗೊತ್ತಿಲ್ಲ. ದಿನದ ಹೈ ಮತ್ತು ಲೋ ಕೂಡಿಸಿ ಅರ್ಧ ಮಾಡಿದರೆ ಮಧ್ಯದ ಬೆಲೆ. ಅದಕ್ಕೆ ಎಟಿಆರ್‌ನ ಮೂರು ಪಟ್ಟು ಸೇರಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಎಟಿಆರ್ ಅಂದರೆ ಷೇರು ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತದೆ ಅನ್ನುವ ಅಳತೆ. ಅದರಲ್ಲಿ ನಿನ್ನೆಯ ಕ್ಲೋಸ್‌ನಿಂದ ಇವತ್ತು ಹಾರಿದ ಗ್ಯಾಪ್ ಕೂಡ ಸೇರುತ್ತದೆ. ಬರೀ ಹೈಯಿಂದ ಲೋ ಕಳೆದರೆ ಎಟಿಆರ್ ಆಗುವುದಿಲ್ಲ.

ಇಷ್ಟು ಬರೆದು ‘ಸೂಪರ್‌ಟ್ರೆಂಡ್ ರೆಡಿ’ ಅನ್ನುವ ಕೋಡ್‌ಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅದು ಸೂಪರ್‌ಟ್ರೆಂಡ್ ಅಲ್ಲ. ಅಸಲಿ ವಿಷಯ ಇರುವುದು ಹಿಡಿತದಲ್ಲಿ. ಷೇರು ಏರುತ್ತಿರುವಾಗ ಕೆಳಗಿನ ಗೆರೆ ಮೇಲೆ ಹೋಗಬಹುದು, ಕೆಳಗೆ ಇಳಿಯುವಂತಿಲ್ಲ. ನಿನ್ನೆ ಗೆರೆ 100 ರೂಪಾಯಿಯಲ್ಲಿತ್ತು, ಕ್ಲೋಸ್ 110 ಆಗಿತ್ತು ಅಂತ ಇಟ್ಟುಕೊಳ್ಳಿ. ಇವತ್ತು ಓಡಾಟ ಜಾಸ್ತಿಯಾಗಿ ಲೆಕ್ಕದ ಪ್ರಕಾರ 98 ಬಂತು. ಆಗ 98 ಬರೆಯಬಾರದು, 100ರಲ್ಲೇ ನಿಲ್ಲಿಸಬೇಕು. ನಿನ್ನೆಯ ಕ್ಲೋಸ್ ನಿನ್ನೆಯ ಗೆರೆಗಿಂತ ಕೆಳಗೆ ಮುರಿದಿದ್ದರೆ ಮಾತ್ರ ಹಿಡಿತ ಬಿಟ್ಟು ಹೊಸ ಲೆಕ್ಕ. ಮೇಲಿನ ಗೆರೆಗೆ ಇದರ ತದ್ವಿರುದ್ಧ. ಇವತ್ತಿನ ಗೆರೆಗೆ ನಿನ್ನೆಯ ಗೆರೆ ಬೇಕು, ನಿನ್ನೆಯದಕ್ಕೆ ಮೊನ್ನೆಯದು. ಹಾಗಾಗಿ ಎಎಫ್‌ಎಲ್‌ನಲ್ಲಿ ಇದನ್ನು ಐಐಎಫ್ ಹಾಕಿ ಒಂದೇ ಏಟಿಗೆ ಮುಗಿಸಲು ಆಗುವುದಿಲ್ಲ, ಲೂಪ್ ಬೇಕೇ ಬೇಕು. ಪೈನ್‌ನಲ್ಲಿ ಹಿಂದಿನ ಬಾರ್‌ನ ಬೆಲೆಯನ್ನು ಚೌಕದ ಬ್ರಾಕೆಟ್‌ನಲ್ಲಿ 1 ಹಾಕಿ ತರಬಹುದು, ಮೊದಲ ಬಾರ್‌ನಲ್ಲಿ ಹಿಂದಿನದೇ ಇರುವುದಿಲ್ಲವಾದ್ದರಿಂದ ಅದಕ್ಕೆ ‘ಎನ್‌ಜೆಡ್’ ಹಾಕಿ ಏನಾದರೂ ಅಂಕಿ ಕೊಡಬೇಕು, ಇಲ್ಲದಿದ್ದರೆ ಇಡೀ ಲೈನ್ ಖಾಲಿ ಖಾಲಿ.

ಪೈನ್‌ನಲ್ಲಿ ರೆಡಿಮೇಡ್ ಸೂಪರ್‌ಟ್ರೆಂಡ್ ಫಂಕ್ಷನ್ ಕೂಡ ಇದೆ. ಅದು ದಿಕ್ಕನ್ನು ಅಂಕಿಯಲ್ಲಿ ಕೊಡುತ್ತದೆ. ಏರುತ್ತಿದ್ದರೆ ಮೈನಸ್ ಒಂದು, ಇಳಿಯುತ್ತಿದ್ದರೆ ಪ್ಲಸ್ ಒಂದು. ಹೌದು, ಸರಿಯಾಗೇ ಓದಿದಿರಿ. ಯಾಕೆ ಹಾಗೆ ಇಟ್ಟರೋ ದೇವರೇ ಬಲ್ಲ. ಪ್ಲಸ್ ಅಂದರೆ ಏರಿಕೆ ಅಂದುಕೊಂಡು ಅಲರ್ಟ್ ಇಟ್ಟರೆ ಎಲ್ಲವೂ ಉಲ್ಟಾ.

ಇನ್ನು ಬಾಣಗಳ ಕಥೆಗೆ ಬರುತ್ತೇನೆ. ಮಣಿಪಾಲ ಕಡೆಯ ಕಾಲೇಜು ಹುಡುಗರು ಕಳಿಸುವ ಚಾರ್ಟ್‌ಗಳಲ್ಲಿ ಪ್ರತಿ ತಗ್ಗಿನಲ್ಲೂ ಸರಿಯಾಗಿ ‘ಬೈ’ ಬಾಣ, ಪ್ರತಿ ಶಿಖರದಲ್ಲೂ ಸರಿಯಾಗಿ ‘ಸೆಲ್’ ಬಾಣ. ಯಾರೋ ಟೆಲಿಗ್ರಾಂನಲ್ಲಿ ಮಾರುತ್ತಿರುತ್ತಾರೆ. ಕೋಡ್ ಬಿಚ್ಚಿ ನೋಡಿದರೆ ಒಳಗೆ ‘ಜಿಗ್’ ಅಂತ ಒಂದು ಫಂಕ್ಷನ್. ಜಿಗ್‌ಜ್ಯಾಗ್. ಬೆಲೆ ತಗ್ಗಿನಿಂದ ಶೇಕಡಾ ಐದೋ ಹತ್ತೋ ಏರಿದ ಮೇಲೆ ‘ಓ, ಅದು ತಗ್ಗು ಆಗಿತ್ತು’ ಅಂತ ಹಿಂದಕ್ಕೆ ಹೋಗಿ ಗುರುತು ಹಾಕುವ ಸಾಧನ ಅದು. ಚಾರ್ಟ್ ಓದಲಿಕ್ಕೆ ಒಳ್ಳೆಯದೇ. ಆದರೆ ಅದನ್ನು ನಂಬಿ ಕೊಳ್ಳುವುದೆಂದರೆ ಕಂಬಳದಲ್ಲಿ ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಹತ್ತಿದ ಮೇಲೆ ‘ಈ ಜೋಡಿಯೇ ಗೆಲ್ಲುವುದು, ನಾನು ಮೊದಲೇ ಹೇಳಿದ್ದೆ’ ಅಂದ ಹಾಗೆ. ಅಮಿಬ್ರೋಕರ್‌ನವರು ತಮ್ಮ ಸಹಾಯ ಪುಟದಲ್ಲೇ ಇದು ಮುಂದಿನದನ್ನು ನೋಡುತ್ತದೆ ಅಂತ ಎಚ್ಚರಿಕೆ ಬರೆದಿದ್ದಾರೆ. ಕೋಡ್ ಬರೆಯುವ ಕಿಟಕಿಯಲ್ಲಿ ‘ಕೋಡ್ ಚೆಕ್ ಅಂಡ್ ಪ್ರೊಫೈಲ್’ ಅಂತ ಒಂದು ಆಯ್ಕೆಯೂ ಇದೆ. ಫಾರ್ಮುಲಾ ಎಲ್ಲಾದರೂ ನಾಳೆಯ ಬೆಲೆಯನ್ನು ಇಣುಕಿ ನೋಡುತ್ತಿದೆಯಾ ಅಂತ ಅದು ಹೇಳುತ್ತದೆ. ದುಡ್ಡು ಕೊಟ್ಟು ತಂದ ಕೋಡನ್ನು ಮೊದಲು ಅಲ್ಲಿಗೆ ಹಾಕಿ.

ಸೆಬಿ 2024ರಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಬಾಣ ಮಾರುವವರು ಈ ಅಂಕಿ ಹೇಳುವುದಿಲ್ಲ.

ಜಿಗ್ ಕಣ್ಣಿಗೆ ಬೀಳುತ್ತದೆ. ಬೀಳದೇ ಇರುವ ಸೋರಿಕೆ ಎರಡು ಟೈಮ್‌ಫ್ರೇಮ್ ಬೆರೆಸುವಾಗ ಆಗುವುದು. 15 ನಿಮಿಷದ ಚಾರ್ಟಿನ ಮೇಲೆ ವಾರದ ಆರ್‌ಎಸ್‌ಐ ಬೇಕು ಅಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಶುಕ್ರವಾರದ ಕ್ಲೋಸ್ ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಡೇಟಾದಲ್ಲಿ ಮಾತ್ರ ಅದು ಅಲ್ಲೇ ಕೂತಿರುತ್ತದೆ, ಕೈ ಚಾಚಿದರೆ ಸಿಗುತ್ತದೆ. ಅಮಿಬ್ರೋಕರ್‌ನಲ್ಲಿ ವಾರದ ಅಂಕಿಯನ್ನು ಸಣ್ಣ ಕ್ಯಾಂಡಲ್‌ಗಳ ಮೇಲೆ ಹರಡುವಾಗ ‘ಎಕ್ಸ್‌ಪ್ಯಾಂಡ್ ಲಾಸ್ಟ್’ ಇದ್ದರೆ ವಾರ ಮುಗಿಯುವಾಗ ಮಾತ್ರ ಅಂಕಿ ಬರುತ್ತದೆ. ‘ಎಕ್ಸ್‌ಪ್ಯಾಂಡ್ ಫಸ್ಟ್’ ಅಂತ ಬರೆದರೆ ವಾರದ ಕ್ಲೋಸ್ ಸೋಮವಾರ ಬೆಳಿಗ್ಗೆಯೇ ಕೈಗೆ ಬರುತ್ತದೆ. ವಾರದ ಓಪನ್ ಬೆಲೆಗೆ ‘ಫಸ್ಟ್’ ಹಾಕುವುದು ಸರಿ, ಅದು ಸೋಮವಾರವೇ ಗೊತ್ತಾಗುವಂಥದ್ದು. ಕ್ಲೋಸ್‌ಗೆ ಹಾಕಿದರೆ ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ಡೇಟಾದ ಮೇಲೆ ಸೂತ್ರ ಓಡಿಸಿ ನೋಡುವ ಪರೀಕ್ಷೆಯಲ್ಲಿ) ನೀವು ಕೋಟ್ಯಧಿಪತಿ. ಪೈನ್‌ನಲ್ಲಿ ‘ರಿಕ್ವೆಸ್ಟ್ ಸೆಕ್ಯೂರಿಟಿ’ ಅನ್ನುವ ಫಂಕ್ಷನ್ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ‘ಲುಕ್‌ಅಹೆಡ್’ ಆನ್ ಮಾಡಿ, ಒಂದು ಬಾರ್ ಹಿಂದಕ್ಕೆ ಸರಿಸದೆ ಬಿಟ್ಟರೆ ಇದೇ ಸೋರಿಕೆ.

ಬ್ಯಾಕ್‌ಟೆಸ್ಟ್‌ನ ಲಾಭದ ಗೆರೆ ನೇರ ಏಣಿಯ ಹಾಗೆ ಏರಿದರೆ ಸಂಭ್ರಮ ಬೇಡ. ಮೊದಲು ಪ್ರತಿ ಸಾಲಿಗೂ ‘ಈ ಅಂಕಿ ಆ ಕ್ಷಣಕ್ಕೆ ಗೊತ್ತಿತ್ತಾ’ ಅಂತ ಕೇಳಿ. ಕ್ಲೋಸ್ ನೋಡಿ ಸಿಗ್ನಲ್ ಬಂದರೆ ಅದೇ ಕ್ಲೋಸ್‌ನಲ್ಲಿ ಕೊಂಡ ಹಾಗೆ ಲೆಕ್ಕ ಇಡುವುದೂ ಇದೇ ಜಾತಿಯದ್ದು. ಮರುದಿನದ ಓಪನ್‌ನಲ್ಲಿ ಕೊಂಡ ಹಾಗೆ ಇಡಿ. ಖರ್ಚನ್ನೂ ಹಾಕಿ. ಷೇರನ್ನು ಖಾತೆಗೇ ತೆಗೆದುಕೊಳ್ಳುವ ಡೆಲಿವರಿಯಲ್ಲಿ ಎಸ್‌ಟಿಟಿ ಎಂಬ ವಹಿವಾಟಿನ ತೆರಿಗೆ ಒಂದೇ ಕೊಳ್ಳುವಾಗ ಶೇಕಡಾ 0.1, ಮಾರುವಾಗ ಶೇಕಡಾ 0.1.

ಅಮೆರಿಕದವರ ಕೋಡನ್ನು ಹಾಗೇ ತಂದು ನಮ್ಮ ಎನ್‌ಎಸ್‌ಇಗೆ ಹಾಕುವಾಗ ಇನ್ನೊಂದಿಷ್ಟು ಗಮನಿಸಬೇಕು. ನಮ್ಮ ಪೇಟೆ 9:15ರಿಂದ 3:30. ಒಟ್ಟು 375 ನಿಮಿಷ. ಇದನ್ನು ಒಂದು ಗಂಟೆಯ ಕ್ಯಾಂಡಲ್ ಮಾಡಿದರೆ ಆರು ಪೂರ್ತಿ, ಕೊನೆಗೆ 3:15ರಿಂದ 3:30ರ ತುಂಡು ಒಂದು. ಆ ಹದಿನೈದು ನಿಮಿಷದ ತುಂಡಿಗೂ ಆರ್‌ಎಸ್‌ಐ ಲೆಕ್ಕದಲ್ಲಿ ಒಂದು ಗಂಟೆಯಷ್ಟೇ ಗೌರವ. ಕೆಲವು ಸಾಫ್ಟ್‌ವೇರ್ ಗಡಿಯಾರದ ಗಂಟೆಗೆ ಕತ್ತರಿಸುತ್ತವೆ, ಆಗ ಮೊದಲನೆಯದು 9:15ರಿಂದ 10ರ ತನಕ 45 ನಿಮಿಷ, ಕೊನೆಯದು 30 ನಿಮಿಷ. ಒಂದೇ ಷೇರು, ಒಂದೇ ‘ಅವರ್ಲಿ’, ಎರಡು ಬೇರೆ ಚಾರ್ಟ್. ನಮ್ಮಲ್ಲಿ ಕೆಲವರು 75 ನಿಮಿಷದ ಕ್ಯಾಂಡಲ್ ಇಡುವುದು ಇದಕ್ಕೇ. ದಿನಕ್ಕೆ ಸರಿಯಾಗಿ ಐದು ಬರುತ್ತವೆ. 125 ಇಟ್ಟರೆ ಮೂರು.

ದಿನದ ಕ್ಲೋಸ್ ಕೂಡ ತಮಾಷೆಯದ್ದು. ಇಷ್ಟು ವರ್ಷಗಳ ಭಾವ್‌ಕಾಪಿಯಲ್ಲಿ (ಎನ್‌ಎಸ್‌ಇ ದಿನಾ ಹೊರಡಿಸುವ ಬೆಲೆಪಟ್ಟಿಯಲ್ಲಿ) ನೀವು ನೋಡುವ ಕ್ಲೋಸ್ ಕೊನೆಯ ವಹಿವಾಟಿನ ಬೆಲೆ ಅಲ್ಲ. ಕೊನೆಯ ಅರ್ಧ ಗಂಟೆಯ ವಹಿವಾಟುಗಳ, ಷೇರುಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟ ಸರಾಸರಿ. ಒಂದು ನಿಮಿಷದ ಡೇಟಾದಿಂದ ದಿನದ ಕ್ಯಾಂಡಲ್ ಕಟ್ಟಿದರೆ ಕ್ಲೋಸ್ ಅಂದರೆ 3:29ರ ನಿಮಿಷದ ಕೊನೆಯ ಬೆಲೆ. ಎರಡರ ನಡುವೆ ಒಂದೆರಡು ರೂಪಾಯಿ ವ್ಯತ್ಯಾಸ ಬರುವುದು ಮಾಮೂಲು. ಸೂಪರ್‌ಟ್ರೆಂಡ್ ಗೆರೆಯ ಹತ್ತಿರ ಇದ್ದಾಗ ಅಷ್ಟೇ ಸಾಕು, ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ದೀಪಾವಳಿಯ ಮುಹೂರ್ತದ ವಹಿವಾಟು ಸುಮಾರು ಒಂದು ಗಂಟೆಯದ್ದು, ಅದಕ್ಕೂ ಡೈಲಿ ಚಾರ್ಟಿನಲ್ಲಿ ಪೂರ್ತಿ ಒಂದು ಕ್ಯಾಂಡಲ್. ಆಮೇಲಿನ 20 ದಿನ ವಾಲ್ಯೂಮ್ (ಕೈ ಬದಲಾದ ಷೇರುಗಳ ಸಂಖ್ಯೆ) ಸರಾಸರಿ ಸ್ವಲ್ಪ ಕುಗ್ಗಿಯೇ ಇರುತ್ತದೆ. ವಿಡಬ್ಲ್ಯೂಎಪಿ (ವಾಲ್ಯೂಮಿನ ತೂಕ ಕೊಟ್ಟ ದಿನದ ಸರಾಸರಿ ಬೆಲೆ) ಬರೆಯುವವರು ಪ್ರತಿ ದಿನ ಬೆಳಿಗ್ಗೆ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಬೇಕು. ನಿಫ್ಟಿಯ ಮೇಲೆ ಅದನ್ನು ಹಾಕುವವರಿಗೆ ನನ್ನದೊಂದು ಪ್ರಶ್ನೆ: ನಿಫ್ಟಿ ಒಂದು ಸೂಚ್ಯಂಕ, ಅದನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ, ಮತ್ತೆ ಅದಕ್ಕೆ ಸ್ವಂತ ವಾಲ್ಯೂಮ್ ಎಲ್ಲಿಂದ? ಬೇಕಿದ್ದರೆ ನಿಫ್ಟಿ ಫ್ಯೂಚರ್ಸ್ ಮೇಲೆ ಹಾಕಿ.

ಬೋಲಿಂಜರ್ ಬ್ಯಾಂಡ್‌ದು, ಅಂದರೆ 20 ದಿನದ ಸರಾಸರಿಯ ಮೇಲೆ ಕೆಳಗೆ ಎಳೆಯುವ ಎರಡು ಗೆರೆಗಳದ್ದು, ಬೇಗ ಹೇಳಿ ಮುಗಿಸುತ್ತೇನೆ. ಎಕ್ಸೆಲ್‌ನಲ್ಲಿ ತಾಳೆ ನೋಡಿದಾಗ ಬ್ಯಾಂಡ್ ಸ್ವಲ್ಪ ಅಗಲ ಬಂದರೆ, ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯುವಾಗ 20ರಿಂದ ಭಾಗಿಸುವ ಬದಲು 19ರಿಂದ ಭಾಗಿಸಿದ್ದೀರಿ. ಅಗಲ ಶೇಕಡಾ ಎರಡೂವರೆಯಷ್ಟು ಜಾಸ್ತಿಯಾಗುತ್ತದೆ. ಎಕ್ಸೆಲ್‌ನಲ್ಲಿ ಕೊನೆಗೆ ಚುಕ್ಕಿ ಮತ್ತು ‘ಪಿ’ ಇರುವ ಫಂಕ್ಷನ್ ಹಾಕಿ.

ಡೇಟಾ ವಿಷಯಕ್ಕೆ ಬಂದರೆ ಮತ್ತೆ ನಮ್ಮ ಊರಿನ ಬ್ಯಾಂಕುಗಳೇ ಬೇಕು. ಕೆನರಾ ಬ್ಯಾಂಕ್ 2024ರ ಮೇ ತಿಂಗಳಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರು ಮಾಡಿತು. ಬೆಲೆ ಐದರಲ್ಲಿ ಒಂದು ಭಾಗ ಆಯ್ತು, ಯಾರಿಗೂ ನಷ್ಟ ಆಗಲಿಲ್ಲ. ಆದರೆ ಸರಿಪಡಿಸದ ಡೇಟಾದಲ್ಲಿ ಒಂದೇ ದಿನ ಶೇಕಡಾ 80 ಕುಸಿತ. ಆರ್‌ಎಸ್‌ಐ ನೆಲ ಕಚ್ಚುತ್ತದೆ, ಎಟಿಆರ್ ಆಕಾಶಕ್ಕೆ ಹಾರುತ್ತದೆ, 200 ದಿನದ ಸರಾಸರಿ ಸರಿಯಾಗಲು 200 ವಹಿವಾಟಿನ ದಿನವೇ ಬೇಕು. ಹಳೆಯ ಬೆಲೆಗಳನ್ನೆಲ್ಲ ಐದರಿಂದ ಭಾಗಿಸಬೇಕು. ಅದರ ಜೊತೆ ಹಳೆಯ ವಾಲ್ಯೂಮನ್ನು ಐದರಿಂದ ಗುಣಿಸಬೇಕು. ಹೆಚ್ಚಿನವರು ಬೆಲೆ ಸರಿ ಮಾಡಿ ವಾಲ್ಯೂಮ್ ಹಾಗೇ ಬಿಡುತ್ತಾರೆ. ಆಗ ‘ವಾಲ್ಯೂಮ್ ಸರಾಸರಿಯ ಮೂರು ಪಟ್ಟು ದಾಟಿದರೆ ತೋರಿಸು’ ಅನ್ನುವ ಸ್ಕ್ಯಾನ್ ಸ್ಪ್ಲಿಟ್ ಆದ ದಿನದಿಂದ ಕೆಲವು ದಿನ ಸುಮ್ಮನೆ ಬಡಿದುಕೊಳ್ಳುತ್ತದೆ.

ಸ್ಪ್ಲಿಟ್ ಆದ ಷೇರು ಚಾರ್ಟಿನಲ್ಲಾದರೂ ಇರುತ್ತದೆ. ಇಲ್ಲದೇ ಹೋದವುಗಳ ಕಥೆ ಏನು? ಈ ಕರಾವಳಿಯಲ್ಲಿ ಹುಟ್ಟಿದ ದೊಡ್ಡ ಬ್ಯಾಂಕುಗಳು ಐದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಇವತ್ತು ಚಾರ್ಟ್ ಸಾಫ್ಟ್‌ವೇರ್‌ನಲ್ಲಿ ಹುಡುಕಿದರೆ ವಹಿವಾಟು ನಡೆಯುವುದು ಎರಡೇ, ಕೆನರಾ ಮತ್ತು ಕರ್ಣಾಟಕ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಸಿಂಡಿಕೇಟ್‌ನ 1000 ಷೇರಿಗೆ ಕೆನರಾದ 158 ಸಿಕ್ಕಿತು. ಕಾರ್ಪೊರೇಷನ್‌ನ 1000ಕ್ಕೆ ಯೂನಿಯನ್‌ನ 330. ವಿಜಯಾದ 1000ಕ್ಕೆ ಬರೋಡಾದ 402. ರಾಯರಿಗೆ ಈ ಮೂರೂ ಅಂಕಿ ಬಾಯಿಪಾಠ, ಹೇಳುವಾಗ ಧ್ವನಿ ಸ್ವಲ್ಪ ಗಡಸಾಗುತ್ತದೆ.

ಇದಕ್ಕೂ ಫಾರ್ಮುಲಾಕ್ಕೂ ಏನು ಸಂಬಂಧ ಅಂತೀರಾ? ಇವತ್ತು ಪಟ್ಟಿಯಲ್ಲಿರುವ ಬ್ಯಾಂಕ್ ಷೇರುಗಳ ಮೇಲೆ 2010ರಿಂದ 2020ರ ತನಕ ನಿಮ್ಮ ಸೂತ್ರವನ್ನು ಓಡಿಸಿ ‘ಆಹಾ, ಎಷ್ಟು ಲಾಭ’ ಅಂದರೆ, ನೀವು ಓಡಿಸಿದ್ದು ಉಳಿದುಕೊಂಡವುಗಳ ಮೇಲೆ ಮಾತ್ರ. ಆ ದಶಕದ ಕೊನೆಯ ವರ್ಷಗಳಲ್ಲಿ ಕೆಟ್ಟ ಸಾಲದ ಭಾರಕ್ಕೆ ಸೊರಗಿ, ಬೇರೆಯದರಲ್ಲಿ ಕರಗಿದ ಬ್ಯಾಂಕುಗಳು ನಿಮ್ಮ ಲೆಕ್ಕದಲ್ಲೇ ಇಲ್ಲ. 2015ರಲ್ಲಿ ಕೂತು ಷೇರು ಆರಿಸುವವನಿಗೆ ಸಿಂಡಿಕೇಟ್ ಕೂಡ ಒಂದು ಆಯ್ಕೆ ಆಗಿತ್ತಲ್ವಾ? ನಿಫ್ಟಿ 50ರ ಪಟ್ಟಿಯೂ ವರ್ಷಕ್ಕೆ ಎರಡು ಸಲ ಪರಿಶೀಲನೆಗೆ ಬರುತ್ತದೆ. ಇವತ್ತಿನ ಐವತ್ತನ್ನು ಹದಿನೈದು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುವುದೆಂದರೆ ಗೆದ್ದವರನ್ನು ಮಾತ್ರ ಕರೆದುಕೊಂಡು ಹೋದ ಹಾಗೆ. ಎನ್‌ಎಸ್‌ಇಯ ಹಳೆಯ ಭಾವ್‌ಕಾಪಿಗಳಲ್ಲಿ ಸತ್ತ ಷೇರುಗಳ ಬೆಲೆಯೂ ಇರುತ್ತದೆ. ಅವನ್ನು ಇಳಿಸಿ, ಡೇಟಾಬೇಸ್‌ಗೆ ಸೇರಿಸುವುದು ಬೋರು ಹೊಡೆಸುವ ಕೆಲಸ. ಇಂಡಿಕೇಟರ್‌ಗೆ ಬಣ್ಣ ಆರಿಸುವುದಕ್ಕೆ ಎರಡು ಗಂಟೆ ಕೂರುವವರು ಇದಕ್ಕೂ ಒಂದು ಭಾನುವಾರ ಕೊಡಬಹುದು.

ನನ್ನ ಕ್ರಮ ಇಷ್ಟೇ. ಹೊಸದು ಏನು ಬರೆದರೂ ಮೊದಲು ಒಂದೇ ಷೇರಿನ ಒಂದಿಷ್ಟು ದಿನಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿ ತಾಳೆ ನೋಡುತ್ತೇನೆ. ಆಮೇಲೆ ಬಾರ್ ರಿಪ್ಲೇ ಹಾಕಿ ಒಂದೊಂದೇ ಕ್ಯಾಂಡಲ್ ಮುಂದಕ್ಕೆ ಬಿಡುತ್ತೇನೆ. ಹಿಂದೆ ಬಿದ್ದ ಬಾಣ ಜಾಗ ಬದಲಾಯಿಸಿದರೆ ಅಥವಾ ಮಾಯವಾದರೆ ಆ ಕೋಡ್ ಅಲ್ಲಿಗೇ ಕಸದ ಬುಟ್ಟಿಗೆ. ಅಲರ್ಟ್ ಇಡುವಾಗ ‘ಕ್ಯಾಂಡಲ್ ಮುಗಿದ ಮೇಲೆ ಒಮ್ಮೆ’ ಅನ್ನುವ ಆಯ್ಕೆ. ಕ್ಯಾಂಡಲ್ ನಡೆಯುತ್ತಿರುವಾಗ ಕ್ಲೋಸ್ ಅನ್ನುವುದೇ ಇರುವುದಿಲ್ಲ, ಆ ಕ್ಷಣದ ಬೆಲೆಯನ್ನೇ ಕ್ಲೋಸ್ ಅಂತ ಹಿಡಿದು ಸೂಪರ್‌ಟ್ರೆಂಡ್ ಹಸಿರು, ಕೆಂಪು, ಮತ್ತೆ ಹಸಿರು ಆಗುತ್ತಿರುತ್ತದೆ, ಪ್ರತಿ ಸಲ ಫೋನ್ ಕಿರುಚಿದರೆ ಮನೆಯವರು ಬೈಯುತ್ತಾರೆ.

ಮಳೆಗಾಲದಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ಕೆಲಸ ಹೆಚ್ಚು. ಕರೆಂಟು ಹೋಗಿ, ಅದರ ಹಿಂದೆ ವೈಫೈ ಹೋಗಿ, ಲ್ಯಾಪ್‌ಟಾಪ್‌ಗೆ ಬರುವ ಲೈವ್ ಡೇಟಾದಲ್ಲಿ ನಡುವಿನ ಅರ್ಧ ಗಂಟೆ ಕಾಣೆಯಾಗಿರುತ್ತದೆ. ಸಾಫ್ಟ್‌ವೇರ್ ಅಲ್ಲಿ ಖಾಲಿ ಜಾಗ ಬಿಡುವುದಿಲ್ಲ. 11:10ರ ಕ್ಯಾಂಡಲ್ ಪಕ್ಕಕ್ಕೆ 11:45ರದನ್ನು ತಂದು ಅಂಟಿಸುತ್ತದೆ. ನೋಡಲಿಕ್ಕೆ ದೊಡ್ಡ ಗ್ಯಾಪ್ ಅಪ್ ಅಥವಾ ಗ್ಯಾಪ್ ಡೌನ್, ಎಟಿಆರ್ ಉಬ್ಬುತ್ತದೆ, 20 ಕ್ಯಾಂಡಲ್‌ನ ಸರಾಸರಿ ಅಂದುಕೊಂಡದ್ದು ನಿಜದಲ್ಲಿ ಜಾಸ್ತಿ ಹೊತ್ತಿನದ್ದಾಗಿರುತ್ತದೆ. ಕರೆಂಟು ಬಂದ ಕೂಡಲೇ ಚಾರ್ಟ್ ನೋಡಬೇಡಿ. ಮೊದಲು ತಪ್ಪಿಹೋದ ಡೇಟಾ ತುಂಬಿಸುವ ಬ್ಯಾಕ್‌ಫಿಲ್ ಒತ್ತಿ, 11:15ರಿಂದ 11:40ರ ತನಕದ ಕ್ಯಾಂಡಲ್‌ಗಳು ಬಂದು ಕೂತಿವೆಯಾ ಅಂತ ನೋಡಿ, ಆಮೇಲೆ ಲೈನ್ ಯಾವ ಬಣ್ಣದ್ದು ಅಂತ ನೋಡಿದರಾಯ್ತು.